ಆಸ್ತಿಯ ಮಿತಿಯೂ ಬಡ ವೃದ್ಧರ ಉಳಿತಾಯವೂ

ಬಡವರು ಹಣ ಕೂಡಿಡದಿರುವುದು ಅವರ ದುಂದುಗಾರಿಕೆಯ ಫಲವೆಂಬ ಹಳೆಯ ನಂಬಿಕೆಯನ್ನು ಹಬ್ಬರ್ಡ್, ಸ್ಕಿನ್ನರ್ ಮತ್ತು ಝೆಲ್ಡೆಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1995ರ ತಮ್ಮ ಪ್ರಬಂಧದಲ್ಲಿ ಅಲುಗಿಸಿದರು. ಆಸ್ತಿಯನ್ನು ಪರೀಕ್ಷಿಸಿ ನೆರವು ಕೊಡುವಲ್ಲಿ ಕೂಡಿಡದಿರುವುದೇ ವಿವೇಕವಾಗಬಹುದೆಂಬುದು ಅವರ ವಾದದ ಸಾರ. ಇದಕ್ಕೆ ಅವರು ಎರಡು ಕಾರಣಗಳನ್ನು ಕೊಡುತ್ತಾರೆ. ಆದರೆ ನೀತಿಯ ತಕ್ಕಡಿಯಲ್ಲಿ ಅವೆರಡೂ ಸಮತೂಕದವಲ್ಲವೆಂದು ನಮ್ಮ ಅಭಿಪ್ರಾಯ. ಕಷ್ಟಕಾಲಕ್ಕೆ ನೆರವುಂಟೆಂಬ ಭರವಸೆಯಿಂದ ಉಳಿತಾಯ ತಗ್ಗಿದರೆ ಅದು ದೋಷವಲ್ಲ, ಭಯ ತಗ್ಗಿದುದರ ಗುರುತು. ಕೂಡಿಟ್ಟರೆ ನೆರವು ತಪ್ಪುವುದೆಂಬ ಅಂಜಿಕೆಯಿಂದ ತಗ್ಗಿದರೆ ಮಾತ್ರ ಅದು ಮಿತವ್ಯಯಕ್ಕೆ ವಿಧಿಸಿದ ದಂಡ.

ಬಡ ವೃದ್ಧರಿಗೂ ಅಂಗವಿಕಲರಿಗೂ ಅಮೆರಿಕದಲ್ಲಿ 1974ರಿಂದ ನಡೆದಿರುವ ಪೂರಕ ಭದ್ರತಾ ಆದಾಯ ಯೋಜನೆಯಲ್ಲಿ ಈ ದಂಡ ಸ್ಪಷ್ಟವಾಗಿದೆ. ವಾಸದ ಮನೆಯೂ ಒಂದು ವಾಹನವೂ ಲೆಕ್ಕಕ್ಕಿಲ್ಲ. ಉಳಿದ ಸ್ವತ್ತು ಒಬ್ಬರಿಗೆ 2,000, ದಂಪತಿಗಳಿಗೆ 3,000 ಡಾಲರನ್ನು ಮೀರಕೂಡದು. ಬೆಲೆಗಳು ಎಷ್ಟೇ ಏರಿದರೂ 1989ರಿಂದ ಈ ಮಿತಿ ಕದಲಿಲ್ಲ. ತಿಂಗಳ ಮೊದಲಲ್ಲಿ ಒಂದೇ ಡಾಲರು ಹೆಚ್ಚಿದ್ದರೂ ಆ ತಿಂಗಳ ನೆರವೆಲ್ಲ ಹೋಗುತ್ತದೆ.

ಬ್ರಿಟನ್ನಿನ ಪಿಂಚಣಿ ಪೂರಕ ಯೋಜನೆ ಇಷ್ಟು ಕಠಿನವಲ್ಲ. ಅಲ್ಲಿ 10,000 ಪೌಂಡಿನವರೆಗಿನ ಉಳಿತಾಯವನ್ನು ಗಣಿಸುವುದಿಲ್ಲ; ಅದನ್ನು ಮೀರಿದ ಪ್ರತಿ 500 ಪೌಂಡಿಗೆ ವಾರಕ್ಕೆ ಒಂದು ಪೌಂಡು ಆದಾಯವೆಂದು ಎಣಿಸುತ್ತಾರೆ. ಆದರೂ ಅದು ವರ್ಷಕ್ಕೆ ಶೇಕಡಾ 10ಕ್ಕೂ ಮಿಗಿಲಾದ ಕಲ್ಪಿತ ಬಡ್ಡಿ. ಪ್ರಪಾತ ಇಳಿಜಾರಾಗಿದೆ, ಇಳಿಜಾರು ಇನ್ನೂ ಕಡಿದಾಗಿದೆ.

ದುಡಿಮೆಯ ವಯಸ್ಸಿನವನು ಕಳೆದುದನ್ನು ಮತ್ತೆ ಗಳಿಸಿಯಾನು. ಸೋರುವ ಮಾಡನ್ನು ಸರಿಪಡಿಸಲು ವೃದ್ಧೆಯೊಬ್ಬಳು ಕೂಡಿಟ್ಟ ಹಣಕ್ಕೆ ಆ ಅವಕಾಶವಿಲ್ಲ. ಆದುದರಿಂದ ಮಿತಿಯು ಬೆಲೆಗಳೊಡನೆ ಏರಬೇಕು, ನೆರವು ಮೆಲ್ಲಮೆಲ್ಲನೆ ಇಳಿಯಬೇಕು ಎಂಬುದೇ ನಮ್ಮ ನಿರ್ಣಯ.