ಏಳು ಪ್ರಶ್ನೆಗಳಲ್ಲಿ ತೂಕಕ್ಕೆ ಜಾಗವಿಲ್ಲ

ಆತಂಕದ ಕಾಯಿಲೆಯನ್ನು ಪತ್ತೆಹಚ್ಚಲು ವೈದ್ಯರು ಇಂದು ವ್ಯಾಪಕವಾಗಿ ಬಳಸುವ ಪ್ರಶ್ನಾವಳಿ ಜಿಎಡಿ-7. ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಇದರಲ್ಲಿರುವುದು ಏಳೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಮನಸ್ಸು ಎಷ್ಟು ಸಲ ತಳಮಳಿಸಿತು, ಚಿಂತೆ ಹತೋಟಿಗೆ ಬಂತೇ, ಒಂದೆಡೆ ಕೂರಲು ಆಯಿತೇ, ಸಣ್ಣದಕ್ಕೂ ಸಿಡುಕು ಬಂತೇ ಎಂಬಂಥವು. ಪ್ರತಿ ಉತ್ತರಕ್ಕೆ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 21. ಅಂಕ 10 ಮುಟ್ಟಿದರೆ ಹೆಚ್ಚಿನ ತಪಾಸಣೆ ಬೇಕು. 15 ಚಿಕಿತ್ಸಾಲಯಗಳ 2,740 ರೋಗಿಗಳನ್ನು ಒಳಗೊಂಡ ಮೂಲ ಅಧ್ಯಯನದಲ್ಲಿ, ಕಾಯಿಲೆ ಇದ್ದವರಲ್ಲಿ ಶೇ. 89ರಷ್ಟು ಮಂದಿಯನ್ನು ಇದು ಗುರುತಿಸಿತು. ಕೆಲವೇ ನಿಮಿಷದ, ಖರ್ಚಿಲ್ಲದ ಸಾಧನವೊಂದಕ್ಕೆ ಇದು ದೊಡ್ಡ ಸಾಧನೆಯೇ.

ಕೊರತೆ ಇರುವುದು ಬೇರೆ ಕಡೆ. ಆತಂಕದಿಂದ ಸೊರಗಿದವರು ವೈದ್ಯರ ಮುಂದೆ ಮನಸ್ಸಿನ ಮಾತನ್ನು ಮೊದಲು ಎತ್ತುವುದು ಕಡಿಮೆ. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ, ಬೆಳಗಾದರೆ ಹೊಟ್ಟೆ ತೊಳಸುತ್ತದೆ, ರವಿಕೆ ಸಡಿಲವಾಗಿದೆ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ ಎನ್ನುತ್ತಾರೆ. ಏಳು ಪ್ರಶ್ನೆಗಳಲ್ಲಿ ಒಂದೂ ಹಸಿವಿನ ಬಗ್ಗೆ ಇಲ್ಲ, ತೂಕದ ಬಗ್ಗೆಯೂ ಇಲ್ಲ.

ಇದಕ್ಕಿಂತ ಹಳೆಯ ಅಳತೆಗೋಲು ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾಗಿತ್ತು. ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ 1959ರಲ್ಲಿ ಪ್ರಕಟಿಸಿದ ಆತಂಕ ಮಾಪಕದ 14 ಅಂಶಗಳಲ್ಲಿ ಒಂದು ಪೂರ್ತಿಯಾಗಿ ಹೊಟ್ಟೆಗೇ ಮೀಸಲು. ನುಂಗಲು ಕಷ್ಟ, ಎದೆಯುರಿ, ಹೊಟ್ಟೆಯುಬ್ಬರ, ವಾಕರಿಕೆ, ಭೇದಿ, ಇವುಗಳ ಸಾಲಿನಲ್ಲೇ ತೂಕ ಇಳಿಕೆಯೂ ಇದೆ. ಆದರೆ ಅದನ್ನು ಬಳಸಲು ಪಳಗಿದ ವೈದ್ಯರು ಬೇಕು, ಕೂತು ಮಾತಾಡುವಷ್ಟು ಹೊತ್ತು ಬೇಕು. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಅವೆರಡೂ ದುರ್ಲಭ.

ಹ್ಯಾಮಿಲ್ಟನ್ ಹೊಟ್ಟೆಯನ್ನು ಸೇರಿಸಿದ್ದು ಸರಿಯಾಗಿಯೇ ಇತ್ತು. ಒತ್ತಡದಲ್ಲಿ ಮೆದುಳಿನ ಹೈಪೋಥಲಮಸ್ ಸ್ರವಿಸುವ ಸಿಆರ್‌ಎಚ್ ಎಂಬ ಹಾರ್ಮೋನು ಹಸಿವನ್ನು ಅದುಮುತ್ತದೆ, ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ, ದೊಡ್ಡ ಕರುಳನ್ನು ಮಾತ್ರ ಚುರುಕುಗೊಳಿಸುತ್ತದೆ. ಎರಡು ತುತ್ತಿಗೇ ಸಾಕೆನಿಸುವುದು, ಮೇಲಿಂದ ಮೇಲೆ ಶೌಚಕ್ಕೆ ಹೋಗಬೇಕಾಗುವುದು ಇದರಿಂದಲೇ. ಒತ್ತಡ ಬಹುಕಾಲ ಮುಂದುವರಿದರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಹಸಿವನ್ನು ಕೆರಳಿಸುವುದೂ ಉಂಟು. ಹಾಗಾಗಿ ಕೆಲವರು ದಪ್ಪವಾಗುತ್ತಾರೆ. ಆತಂಕವಿದ್ದವರೆಲ್ಲ ಬಡಕಲಾಗುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ.

ಅಂಕವನ್ನೇ ಉತ್ತರವೆಂದು ಹಿಡಿದಾಗ ಅಪಾಯ ಶುರುವಾಗುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರುವ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಚಡಪಡಿಕೆ, ಸಿಡುಕು, ಒಂದೆಡೆ ಕೂರಲಾಗದ ಸ್ಥಿತಿ, ಈ ಮೂರಕ್ಕೂ ಅವರು ಪ್ರಾಮಾಣಿಕವಾಗಿ ಮೂರು ಮೂರು ಅಂಕ ಕೊಟ್ಟರೆ ಅಲ್ಲಿಗೇ ಒಂಬತ್ತಾಯಿತು. ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿದರೆ, ಕೈ ನಡುಗುತ್ತಲೇ ಇರುತ್ತದೆ, ಚೆನ್ನಾಗಿ ಉಂಡರೂ ಮೈ ಕರಗುತ್ತಲೇ ಇರುತ್ತದೆ. ಕ್ಷಯ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಕೂಡ ಹೀಗೆ ತೂಕ ಇಳಿಸುತ್ತವೆ. ಕೆಮ್ಮು, ಜ್ವರ, ರಾತ್ರಿ ಬೆವರಿನ ಜೊತೆಗೆ ತೂಕ ಇಳಿಕೆಯನ್ನೂ ಕ್ಷಯದ ತಪಾಸಣೆಯಲ್ಲಿ ಕೇಳುವುದು ಅದಕ್ಕೇ.

ಇದರ ತಿರುವುಮುರುವು ತಪ್ಪೂ ಅಷ್ಟೇ ನೋವಿನದು. ವರದಿಗಳೆಲ್ಲ ನಾರ್ಮಲ್ ಬಂದ ಮೇಲೆ ‘ಏನೂ ಇಲ್ಲ’ ಎಂದು ಹೇಳಿ ಟಾನಿಕ್, ಪ್ರೋಟೀನ್ ಪುಡಿ ಬರೆದುಕೊಡುವುದು. ಹಸಿವಿಗೆಂದು ಕೊಡುವ ಹಲವು ಸಿರಪ್‌ಗಳಲ್ಲಿರುವ ಸೈಪ್ರೊಹೆಪ್ಟಡಿನ್ ಮೂಲತಃ ಅಲರ್ಜಿಯ ಔಷಧ, ನಿದ್ದೆಗಣ್ಣು ತರಿಸುತ್ತದೆ. ಊಟವನ್ನು ತಡೆಯುತ್ತಿರುವ ಭಯಕ್ಕೆ ಅದು ಚಿಕಿತ್ಸೆಯಲ್ಲ. ಸರಿಯಾದ ಮಾತ್ರೆ ಸಿಕ್ಕವರಿಗೂ ಒಂದು ಎಚ್ಚರಿಕೆ ಬೇಕು: ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ಮೊದಲ ವಾರಗಳಲ್ಲಿ ವಾಕರಿಕೆ ತರಬಹುದು. ಮೊದಲೇ ತಿಳಿಸದಿದ್ದರೆ, ಮತ್ತಷ್ಟು ಸೊರಗುವ ಭಯಕ್ಕೆ ರೋಗಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ.

ಜಿಎಡಿ-7 ಒಳ್ಳೆಯ ಸಾಧನ, ಒಂಟಿಯಾಗಿ ಬಳಸಬಾರದ ಸಾಧನ. ಅಂಕದ ಪಕ್ಕದಲ್ಲಿ ತೂಕವನ್ನೂ ದಿನಾಂಕ ಸಮೇತ ಬರೆಯಬೇಕು. ಪ್ರಯತ್ನಪಡದೆಯೇ 6ರಿಂದ 12 ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 57ಕ್ಕಿಂತ ಕೆಳಗೆ ಬಂದಿದ್ದರೆ, ಅಂಕ ಎಷ್ಟೇ ಇರಲಿ, ಥೈರಾಯ್ಡ್, ಸಕ್ಕರೆ, ರಕ್ತ, ಎದೆಯ ಎಕ್ಸ್‌ರೇ ನೋಡಿಸಲೇಬೇಕು. ಜೊತೆಗೇ ಆತಂಕದ ಚಿಕಿತ್ಸೆಯೂ ಶುರುವಾಗಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವವರು ಮನಸ್ಸಿನ ತಳಮಳದ ಜೊತೆಗೆ ಎಷ್ಟು ತಿಂಗಳಲ್ಲಿ ಎಷ್ಟು ಕಿಲೋ ಇಳಿದಿದೆ ಎಂಬುದನ್ನೂ ತಪ್ಪದೆ ಹೇಳಲಿ.