ಹೊಸ ಕ್ಲಚ್, ಬೀಳದ ಗೇರ್

ಕ್ಲಚ್ ಬದಲಿಸಿಕೊಂಡು ಗ್ಯಾರೇಜಿನಿಂದ ಹೊರಬಿದ್ದ ಲಾರಿಯ ಗೇರ್ ಮೊದಲಿಗಿಂತ ಗಟ್ಟಿಯಾಗಿದೆ ಎಂದು ದೂರಿದರೆ ನಮ್ಮ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಹೊಸ ಪ್ಲೇಟ್ ಅಲ್ವಾ, ಎರಡು ದಿನ ಓಡ್ಲಿ, ಸೆಟ್ ಆಗ್ತದೆ." ಕಾಪುವಿನಲ್ಲೂ ಇದನ್ನೇ ಕೇಳಿದ್ದೇನೆ, ಕಾರ್ಕಳದಲ್ಲೂ ಇದನ್ನೇ. ಉಡುಪಿ ಜಿಲ್ಲೆಯ ಲಾರಿ ಗ್ಯಾರೇಜುಗಳ ಕೈಕೆಲಸವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಈ ಮಾತನ್ನು ಒಪ್ಪಲಾರೆ. ಕ್ಲಚ್ ಬದಲಿಸಿದ ಮರುಗಳಿಗೆಯಿಂದ ಗೇರ್ ಬೀಳದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಜೋಡಣೆಯನ್ನು, ಲಾರಿಯನ್ನಲ್ಲ.

ಮಾತಿನಲ್ಲಿ ಸತ್ಯದ ಅಂಶವೇ ಇಲ್ಲವೆಂದಲ್ಲ. ಹೊಸ ಪ್ಲೇಟಿನ ಲೈನರ್ ಫ್ಲೈವೀಲಿನ ಮೈಗೆ ಒಗ್ಗಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಲೋಡ್ ಹೊತ್ತು ಏರಿನಲ್ಲಿ ಅರೆ ಕ್ಲಚ್ ಹಿಡಿದು ಕಾಯಿಸಬಾರದು. ಆದರೆ ಈ ಒಗ್ಗಿಕೊಳ್ಳುವಿಕೆಯೆಲ್ಲ ಹಿಡಿತಕ್ಕೆ ಸಂಬಂಧಪಟ್ಟದ್ದು. ಗೇರ್ ಬೀಳಬೇಕಾದರೆ ಬೇಕಾದದ್ದು ಬಿಡುಗಡೆ. ಪೆಡಲ್ ತುಳಿದಾಗ ಪ್ಲೇಟ್ ಎರಡೂ ಬದಿಯಿಂದ ಪೂರ್ತಿ ಬಿಟ್ಟು ನಿಲ್ಲಬೇಕು. ಒಂದಿಷ್ಟು ಉಜ್ಜುತ್ತಿದ್ದರೂ ಎಂಜಿನ್ನು ಗೇರ್‌ಬಾಕ್ಸಿನ ಟಾಪ್ ಶಾಫ್ಟನ್ನು ಎಳೆದು ತಿರುಗಿಸುತ್ತಲೇ ಇರುತ್ತದೆ. ಗೇರುಗಳ ವೇಗವನ್ನು ಸರಿದೂಗಿಸಲು ಸಿಂಕ್ರೊಮೆಶ್ ಇದೆ, ನಿಜ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಕಾಣಿಸಿಕೊಂಡ ಈ ಏರ್ಪಾಡು ಇಂದು ನಮ್ಮ ಬಹುಪಾಲು ಸಣ್ಣ, ಮಧ್ಯಮ ಲಾರಿಗಳಲ್ಲಿದೆ. ಆದರೆ ಅದರ ಹಿತ್ತಾಳೆಯ ಉಂಗುರ ತಡೆಯಬಲ್ಲದ್ದು ಬಿಡುಗಡೆಯಾದ ಶಾಫ್ಟಿನ ಉಳಿದ ಸುತ್ತನ್ನು ಮಾತ್ರ. ಎಂಜಿನ್ನನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಪ್ರತಿ ಸಲ ಒತ್ತಿ ಹಾಕಿದಾಗಲೂ ಉಂಗುರ ಸವೆಯುತ್ತದೆ. ಅರ್ಧ ಗಂಟೆಯಲ್ಲಿ ಏರ್ ತೆಗೆದು ಮುಗಿಸಬಹುದಾಗಿದ್ದ ಕೆಲಸ ಗೇರ್‌ಬಾಕ್ಸ್ ಬಿಚ್ಚುವ ಕೆಲಸವಾಗುವುದು ಹೀಗೆ.

ನುರಿತ ಚಾಲಕರು ಇದ್ದಲ್ಲಿ ತಪ್ಪು ಇನ್ನೂ ತಡವಾಗಿ ಹೊರಬೀಳುತ್ತದೆ. ಡಬಲ್ ಕ್ಲಚ್ ಮಾಡಿ, ಎಂಜಿನ್ನಿನ ಸದ್ದು ಕೇಳಿ, ಸರಿಯಾದ ಕ್ಷಣಕ್ಕೆ ಲಿವರ್ ತಳ್ಳಿ ಅವರು ಗೇರ್ ಹಾಕಿಯೇ ಹಾಕುತ್ತಾರೆ. ಎರಡು ದಿನ ಕಳೆದ ಮೇಲೆ "ಈಗ ಪರವಾಗಿಲ್ಲ" ಎನ್ನುತ್ತಾರೆ. ಸೆಟ್ ಆದದ್ದು ಚಾಲಕನ ಕೈ. ಕ್ಲಚ್ ಇದ್ದ ಹಾಗೆಯೇ ಇದೆ.

ಟೆಸ್ಟ್ ಮಾಡುವ ರಸ್ತೆಯೂ ಇಲ್ಲಿ ಮೋಸ ಮಾಡುತ್ತದೆ. ಕಾಪು, ಕಟಪಾಡಿಯ ಹೆದ್ದಾರಿ ಬದಿಯಲ್ಲಿ ಕೆಲಸ ಮುಗಿಸಿದ ಲಾರಿಯನ್ನು ಸಹಜವಾಗಿಯೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿ ಕಡೆಗೆ ಓಡಿಸಿ ನೋಡುತ್ತಾರೆ. ನಾಲ್ಕು ಪಥ, ಸಮತಟ್ಟು. ಒಮ್ಮೆ ಟಾಪ್‌ಗೆ ಹೋದರೆ ಗೇರ್ ಮುಟ್ಟುವ ಅಗತ್ಯವೇ ಇಲ್ಲ. ಅದೇ ಲಾರಿ ಮರುದಿನ ಲೋಡ್ ಹೊತ್ತು ಉಡುಪಿಯಿಂದ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ, ಬಸ್ಸುಗಳ ಹಿಂದೆ ನಿಂತು ನಿಂತು ಒಂದು, ಎರಡು, ಮತ್ತೆ ಒಂದು ಎಂದು ಹಾಕುವಾಗ ನಿಜ ಗೊತ್ತಾಗುತ್ತದೆ. ಕಾರ್ಕಳದ ಕಲ್ಲುಕೋರೆಗಳಲ್ಲಿ ದಿನವಿಡೀ ರಿವರ್ಸ್ ತೆಗೆಯುವ ಟಿಪ್ಪರುಗಳಿಗೆ ಇನ್ನೂ ಬೇಗ ಗೊತ್ತಾಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಭಾರೀ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ ಮಲೆನಾಡಿಗೆ ಹೋಗುವ ಲಾರಿಗಳು ಬಜಗೋಳಿ, ಮಾಳದ ಮೇಲಿನ ದಾರಿ ಹಿಡಿಯುವುದುಂಟು. ಆ ಏರಿನ ನಡುವೆ ಎರಡನೇ ಗೇರಿನಿಂದ ಒಂದಕ್ಕೆ ಇಳಿಸಲು ಆಗದಿದ್ದರೆ ಲಾರಿ ನಿಂತೇಬಿಡುತ್ತದೆ. ಹಿಂದೆ ಬರುವವರಿಗೂ ಅಪಾಯ.

ದೋಷ ಎಲ್ಲಿದೆ ಎಂದು ತಿಳಿಯುವ ಮೊದಲ ಪರೀಕ್ಷೆಗೆ ಒಂದು ಸ್ಪ್ಯಾನರ್ ಕೂಡ ಬೇಡ. ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ಆಫ್ ಇದ್ದಾಗಲೂ ಗಟ್ಟಿಯಾಗಿದ್ದರೆ ಕ್ಲಚ್ಚಿಗೆ ಅದರಲ್ಲಿ ಪಾತ್ರವಿಲ್ಲ. ಗೇರ್‌ಬಾಕ್ಸ್ ಇಳಿಸಿ ಏರಿಸುವಾಗ ಲಿಂಕೇಜ್ ಅಥವಾ ಕೇಬಲ್ ತಪ್ಪಾಗಿ ಕೂತಿರಬೇಕು, ಇಲ್ಲವೇ ದೋಷ ಗೇರ್‌ಬಾಕ್ಸಿನ ಒಳಗಿರಬೇಕು. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಎಲ್ಲ ಗೇರೂ ಗಟ್ಟಿಯಾದರೆ ಕ್ಲಚ್ ಬಿಡುತ್ತಿಲ್ಲ. ಎರಡನೆಯದು ರಿವರ್ಸ್ ಪರೀಕ್ಷೆ: ನ್ಯೂಟ್ರಲ್‌ನಲ್ಲಿ ಪೆಡಲ್ ಪೂರ್ತಿ ತುಳಿದು, ಕೆಲವು ಸೆಕೆಂಡು ಕಾದು, ಮೆಲ್ಲಗೆ ರಿವರ್ಸ್ ಹಾಕುವುದು. ಬಹಳಷ್ಟು ಲಾರಿಗಳ ರಿವರ್ಸಿಗೆ ಸಿಂಕ್ರೊ ಇರುವುದಿಲ್ಲ, ಆದ್ದರಿಂದ ಅದು ಏನನ್ನೂ ಮುಚ್ಚಿಡುವುದಿಲ್ಲ. ಕಾದ ಮೇಲೂ ಹಲ್ಲು ಕಡಿದ ಸದ್ದು ಬಂದರೆ ಶಾಫ್ಟ್ ತಿರುಗುತ್ತಿದೆ ಎಂದೇ ಅರ್ಥ. ಪೆಡಲನ್ನು ಮೂರ್ನಾಲ್ಕು ಸಲ ಪಂಪ್ ಮಾಡಿದ ಮೇಲೆ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿದೆ.

ಇಷ್ಟನ್ನು ನಮ್ಮ ಮೇಸ್ತ್ರಿಗಳು ಬಲ್ಲರು. ನನ್ನ ಆಕ್ಷೇಪ ಇರುವುದು ಮುಂದಿನ ಹೆಜ್ಜೆಯಲ್ಲಿ: ಅಳೆಯುವುದಿಲ್ಲ. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಕೆಳಗೆ ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಮಿಲಿಮೀಟರ್ ಚಲಿಸುತ್ತದೆ ಎಂದು ಸ್ಟೀಲ್ ಸ್ಕೇಲ್ ಹಿಡಿದು ನೋಡಬೇಕು. ಆ ಅಂಕಿಯನ್ನು ತಯಾರಕರ ಕೈಪಿಡಿಯ ಜೊತೆ ಹೋಲಿಸಿದರೆ ಕ್ಲಚ್ಚಿನ ಹೊರಗಿನ ತಪ್ಪು ಯಾವುದು, ಒಳಗಿನದು ಯಾವುದು ಎಂದು ಅಲ್ಲೇ ಬೇರೆಯಾಗುತ್ತದೆ. ಕಾಲಿನ ಅಂದಾಜಿಗೆ ಇದನ್ನು ಬಿಡುವುದರಿಂದಲೇ ಗೇರ್‌ಬಾಕ್ಸನ್ನು ಎರಡನೆಯ ಸಲ ಸುಮ್ಮನೆ ಇಳಿಸಬೇಕಾಗುತ್ತದೆ.

ಫ್ರೀ ಪ್ಲೇ ವಿಷಯದಲ್ಲಂತೂ ಅಳತೆಯಿಲ್ಲದೆ ನಡೆಯುವುದೇ ಇಲ್ಲ. ಪ್ಲೇಟ್ ಸವೆದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲಿನತ್ತ ಸರಿಯುತ್ತದೆ, ಅದರ ನಡುವಿನ ಸ್ಪ್ರಿಂಗ್ ಬೆರಳುಗಳು ರಿಲೀಸ್ ಬೇರಿಂಗಿನತ್ತ ಹೊರಬರುತ್ತವೆ. ಪೆಡಲಿನ ಆಟ ಕಡಿಮೆಯಾಗುತ್ತದೆ. ಕ್ಲಚ್ ಸ್ಲಿಪ್ ಆಗತೊಡಗಿದಾಗ ಇನ್ನಷ್ಟು ದಿನ ಓಡಲಿ ಎಂದು ಪುಷ್ ರಾಡನ್ನು ಸಡಿಲಿಸಿ ಆಟ ಕೊಟ್ಟಿರುತ್ತಾರೆ. ಆಮೇಲೆ ಹೊಸ, ದಪ್ಪ ಪ್ಲೇಟ್ ಕೂರಿಸಿದಾಗ ಬೆರಳುಗಳು ಮತ್ತೆ ಒಳಕ್ಕೆ ಹೋಗುತ್ತವೆ, ಬೇರಿಂಗಿಗೂ ಅವಕ್ಕೂ ನಡುವೆ ಅಂತರ ಬೆಳೆಯುತ್ತದೆ. ರಾಡ್ ಮಾತ್ರ ಸವೆದ ಪ್ಲೇಟಿಗೆ ಹೊಂದಿಸಿದ ಹಾಗೆಯೇ ಉಳಿದಿದೆ. ಪೆಡಲಿನ ಚಲನೆಯ ಮೊದಲ ಭಾಗ ಬರಿದೇ ಅಂತರ ತುಂಬುವುದಕ್ಕೆ ಹೋಗುತ್ತದೆ, ಕಾಲು ನೆಲ ಮುಟ್ಟಿದರೂ ಪ್ಲೇಟ್ ಪೂರ್ತಿ ಬಿಡುವುದಿಲ್ಲ. ತಾನೇ ಹೊಂದಿಕೊಳ್ಳುವ ಸ್ಲೇವ್ ಸಿಲಿಂಡರ್ ಇರುವ ಗಾಡಿಗಳಲ್ಲಿ ಈ ತೊಂದರೆ ಇಲ್ಲ, ರಾಡಿನಲ್ಲಿ ಹೊಂದಾಣಿಕೆ ಇರುವ ಹಳೆಯ ಲಾರಿಗಳಲ್ಲಿ ಇದೆ. ಫ್ಲೈವೀಲನ್ನು ಲೇತಿಗೆ ಕೊಟ್ಟು ಮೈ ತೆಗೆಸಿದ್ದರೆ ಇಡೀ ಜೋಡಣೆ ಅಷ್ಟೇ ಪ್ರಮಾಣದಲ್ಲಿ ಬೇರಿಂಗಿನಿಂದ ದೂರ ಹೋಗಿರುತ್ತದೆ, ಅಂತರಕ್ಕೆ ಅದೂ ಸೇರುತ್ತದೆ. ಸೆಟ್ಟಿಂಗ್ ತಿದ್ದದೆ ಎಷ್ಟು ಸಾವಿರ ಕಿಲೋಮೀಟರ್ ಓಡಿಸಿದರೂ ಇದು ತಾನಾಗಿ ಸರಿಹೋಗುವುದಿಲ್ಲ.

ಕರಾವಳಿಯದೇ ಆದ ಇನ್ನೊಂದು ಕಾರಣವಿದೆ, ಬೇರೆಡೆ ಬರೆದ ಕೈಪಿಡಿಗಳಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮಲ್ಪೆಯ ಮೀನಿನ ಲಾರಿಗಳು ಅನೇಕ ಆಗ ನಿಂತಿರುತ್ತವೆ, ರಿಪೇರಿಗೂ ಅದೇ ಹೊತ್ತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಅದರ ಬಹುಪಾಲು ಸುರಿಯುವುದೂ ಇದೇ ಹಂಗಾಮಿನಲ್ಲಿ. ಹೊಸ ಕ್ಲಚ್ ಹಾಕಿಸಿಕೊಂಡ ಗಾಡಿ ವಾರಗಟ್ಟಲೆ ತೇವದಲ್ಲಿ ನಿಂತರೆ ಟಾಪ್ ಶಾಫ್ಟಿನ ಹಲ್ಲುಗಳ ಮೇಲೆ ತುಕ್ಕು ಕೂರುತ್ತದೆ, ಪ್ಲೇಟ್ ಅವುಗಳ ಮೇಲೆ ಜಾರುವುದಿಲ್ಲ. ಆಗಸ್ಟ್ ಬಂದಾಗ ಗೇರ್ ಬೀಳುವುದಿಲ್ಲ. ಮೀನಿನ ಪೆಟ್ಟಿಗೆಯಿಂದ ಸೋರುವ ಉಪ್ಪುನೀರು ಚಾಸಿಗೆ ತಗಲಿ ಸ್ಲೇವ್ ಸಿಲಿಂಡರನ್ನೂ ಫೋರ್ಕಿನ ಕೀಲನ್ನೂ ತಿನ್ನುತ್ತದೆ. ಕ್ಲಚ್ಚಿಗೆ ಹಾಕುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಮುಚ್ಚಳ ತೆರೆದಿಟ್ಟ ಹಳೆಯ ಡಬ್ಬಿಯಿಂದ ಸುರಿದರೆ ಸಿಲಿಂಡರಿನ ಒಳಮೈಗೂ ತುಕ್ಕು. ಇಲ್ಲಿ ಮೇಸ್ತ್ರಿ ಮಾಡಬೇಕಾದದ್ದು ಸಣ್ಣ ಕೆಲಸ: ಶಾಫ್ಟಿನ ಹಲ್ಲುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ, ಪ್ಲೇಟನ್ನು ಕೈಯಲ್ಲಿ ಜಾರಿಸಿ ನೋಡುವುದು. ದಪ್ಪಗೆ ಬಳಿದರೆ ಅದು ಲೈನರಿಗೆ ಸಿಡಿದು ಇನ್ನೊಂದು ರೋಗವಾಗುತ್ತದೆ.

ಗೇರ್‌ಬಾಕ್ಸ್ ಏರಿಸುವ ರೀತಿಯ ಬಗ್ಗೆಯೂ ಹೇಳಲೇಬೇಕು. ಜಾಕ್ ಇಲ್ಲದೆ, ಸರಪಳಿ ಮತ್ತು ಭುಜದ ಬಲದಿಂದ ಗೇರ್‌ಬಾಕ್ಸ್ ಕೂರಿಸುವುದನ್ನು ನೋಡಿದವರು ಬೆರಗಾಗುತ್ತಾರೆ. ಆದರೆ ಬೋಲ್ಟ್ ಬಿಗಿಯುವ ಮೊದಲು ಅದರ ಭಾರವನ್ನು ಒಂದು ಕ್ಷಣ ಟಾಪ್ ಶಾಫ್ಟಿನ ಮೇಲೆ ಬಿಟ್ಟರೂ ಪ್ಲೇಟಿನ ನಡು ಬಾಗುತ್ತದೆ, ಬಾಗಿದ ಪ್ಲೇಟ್ ಎಂದೂ ಪೂರ್ತಿ ಬಿಡುವುದಿಲ್ಲ. ಪ್ಲೇಟನ್ನು ಹಿಂದುಮುಂದಾಗಿ ಹಾಕುವ ತಪ್ಪೂ ಅವಸರದಲ್ಲಿ ಆಗುತ್ತದೆ, ಫ್ಲೈವೀಲಿನ ಬದಿ ಯಾವುದೆಂದು ಅದರ ಮೇಲೆಯೇ ಗುರುತಿದ್ದರೂ. ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ಹಿಡಿದುಕೊಂಡಿದ್ದರೆ ಕ್ಲಚ್ ಬಿಟ್ಟರೂ ಶಾಫ್ಟ್ ತಿರುಗುತ್ತದೆ. ಈ ಬೇರಿಂಗಿನ ಬೆಲೆ ಇಡೀ ಕೆಲಸದ ಖರ್ಚಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಆದರೂ ಹಳೆಯದನ್ನೇ ಉಳಿಸುತ್ತಾರೆ. ಇದರಲ್ಲಿ ಮಾಲೀಕರ ಪಾಲು ದೊಡ್ಡದು. "ಪ್ಲೇಟ್ ಮಾತ್ರ ಹಾಕಿ ಸಾಕು" ಎನ್ನುವವರು ನಾವೇ. ಗೇರ್‌ಬಾಕ್ಸ್ ಇಳಿಸಿದ ಕೂಲಿ ಹೇಗೂ ಕೊಟ್ಟಾಗಿದೆ, ಆ ಹೊತ್ತಿಗೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ನಾಲ್ಕನ್ನೂ ನೋಡಿ ಬದಲಿಸುವುದೇ ಲಾಭ.

ಗೇರ್‌ಬಾಕ್ಸಿಗೆ ಮತ್ತೆ ತುಂಬುವ ಎಣ್ಣೆಯೂ ಕಂಪನಿ ಹೇಳಿದ್ದೇ ಆಗಿರಲಿ. ಡಿಫರೆನ್ಷಿಯಲ್ಲಿಗೆಂದು ಇಟ್ಟ ದಪ್ಪ ಎಣ್ಣೆಯನ್ನು ಇದಕ್ಕೂ ಸುರಿದರೆ ಸಿಂಕ್ರೊ ಉಂಗುರದ ಹಿಡಿತ ಕೆಡುತ್ತದೆ, ಅಂಥ ಕೆಲವು ಎಣ್ಣೆಗಳ ರಾಸಾಯನಿಕಗಳು ಹಿತ್ತಾಳೆಯನ್ನೇ ತಿನ್ನುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ತೀರ್ಪು ನಮ್ಮ ಗ್ಯಾರೇಜುಗಳ ಪರವಾಗಿಯೇ ಇದೆ. ಕೇರಳಕ್ಕೋ ಗೋವಾಕ್ಕೋ ಹೊರಟ ಮೀನಿನ ಲಾರಿ ಸಂಜೆ ಕೆಟ್ಟು ನಿಂತರೆ, ಐಸ್ ಕರಗುವ ಮೊದಲು ಹೊರಡಿಸಲು ರಾತ್ರಿಯಿಡೀ ಗಾಡಿಯಡಿ ಮಲಗುವ ಹುಡುಗರು ಇಲ್ಲಿದ್ದಾರೆ. ಸದ್ದು ಕೇಳಿಯೇ ಬೇರಿಂಗ್ ಯಾವುದೆಂದು ಹೇಳುವವರಿದ್ದಾರೆ. ಅವರಿಗೆ ಕೊರತೆಯಿರುವುದು ಕ್ರಮದ ಅಭ್ಯಾಸ ಮತ್ತು ಅಳೆದದ್ದನ್ನು ಬರೆದಿಡುವ ಒಂದು ಪುಸ್ತಕ. 1957ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಇರುವ ಮಣಿಪಾಲದ ಸುತ್ತಲಿನ ಮೇಸ್ತ್ರಿಗಳಿಗೆ ಇಂಥ ತರಬೇತಿ ಕೈಗೆಟುಕಬೇಕು. ಕಾಲೇಜುಗಳೂ ಐಟಿಐಗಳೂ ಮಳೆಗಾಲದ ಸಂಜೆಗಳಲ್ಲಿ ತಮ್ಮ ವರ್ಕ್‌ಶಾಪುಗಳ ಬಾಗಿಲನ್ನು ಈ ಹುಡುಗರಿಗೆ ತೆರೆಯಲಿ.

ಲಾರಿ ಮಾಲೀಕರಲ್ಲಿ ಒಂದು ವಿನಂತಿ. ಕ್ಲಚ್ ಕೆಲಸ ಮುಗಿದ ದಿನ ಹಳೆಯ ಬಿಡಿಭಾಗಗಳನ್ನು ಕೇಳಿ ಪಡೆಯಿರಿ, ರಾಡಿನ ಚಲನೆ ಎಷ್ಟಿದೆ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಹೆದ್ದಾರಿಯ ಬದಲು ಒಂದು ಏರಿನಲ್ಲಿ ಗಾಡಿ ನಿಲ್ಲಿಸಿ ಹೊರಡಿಸಿ ನೋಡಿ. ಎಂಜಿನ್ ಓಡುತ್ತಿರುವಾಗ ರಿವರ್ಸ್ ಸದ್ದಿಲ್ಲದೆ ಬೀಳುವವರೆಗೆ ಗಾಡಿಯನ್ನು ಗ್ಯಾರೇಜಿನಿಂದ ಹೊರತೆಗೆಯಬೇಡಿ.