ಆತ್ಮಚಿತ್ರ: ರೂಪವೂ ಶೀಲವೂ

ಕುಕನೂರಿಗೆ ಸಮೀಪದ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ದೇಗುಲವನ್ನು ಅಲ್ಲಿಯ ಶಾಸನವು ದೇವಾಲಯ ಚಕ್ರವರ್ತಿಯೆಂದು ಕೊಂಡಾಡಿದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಂತಿದೆ. ಆದರೆ ಆ ಕಂಬಗಳನ್ನು ತಿರುಗಣಿಗೆ ಹಿಡಿದು ನುಣುಪುಗೊಳಿಸಿದ ರೂವಾರಿಗಳ ಮುಖ ಎಂತಿದ್ದಿತೆಂಬುದನ್ನು ಅಲ್ಲಿಯ ಯಾವ ಕಲ್ಲೂ ಹೇಳದು. ಇದನ್ನು ಕಂಡು, ಭಾರತೀಯ ಶಿಲ್ಪಿಯು ಅಹಂಕಾರವನ್ನು ನೀಗಿ ದೇವರಲ್ಲಿ ತನ್ನನ್ನು ಮರೆತವನೆಂದೂ, ಪಾಶ್ಚಾತ್ಯ ಚಿತ್ರಕಾರನಾದರೋ ತನ್ನ ಮೋರೆಯನ್ನು ತಾನೇ ಮೆಚ್ಚಿ ಬರೆದುಕೊಂಡವನೆಂದೂ ಹೇಳುವುದು ವಾಡಿಕೆಯಾಗಿದೆ. ಕಿವಿಗೆ ಇಂಪಾದ ಮಾತು ನಿಜ. ಪರೀಕ್ಷೆಗೆ ನಿಲ್ಲುವ ಮಾತಲ್ಲ.

ಏಕೆಂದರೆ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದ ಸೂತ್ರಧಾರಿಯಾದ ಗುಂಡನಿಗೆ ತ್ರಿಭುವನಾಚಾರಿಯೆಂಬ ಪಟ್ಟ ದೊರೆತುದನ್ನು ಅಲ್ಲಿಯ ಶಾಸನವೇ ಸಾರುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ತಾವು ಕಡೆದ ಮದನಿಕೆಯರ ಅಡಿಯಲ್ಲಿ ಹೆಸರುಗಳನ್ನು ಕೆತ್ತಿದ್ದಾರೆ. ಅಲ್ಲಿ ರೂವಾರಿಗಳು ಹೊತ್ತುಕೊಂಡ ಬಿರುದುಗಳಲ್ಲಿ ಎದುರಾಳಿ ರೂವಾರಿಗಳ ಗರ್ವವನ್ನು ಮುರಿಯುವ ಆಟೋಪವೂ ಉಂಟು. ಇವರು ಅಹಂಕಾರವನ್ನು ತೊರೆದವರೆಂದರೆ ಅವರೇ ನಕ್ಕಾರು! ತೊರೆದದ್ದು ಅಹಂಕಾರವನ್ನಲ್ಲ, ಮುಖವನ್ನು. ಮನುಷ್ಯನ ಶೀಲವು ಅವನ ಕೈಚಳಕದಲ್ಲಿಯೂ ಕುಲದಲ್ಲಿಯೂ ಗುರುಪರಂಪರೆಯಲ್ಲಿಯೂ ಇದೆಯೆಂದು ಬಗೆದವರಿಗೆ ಕಣ್ಣು ಮೂಗುಗಳನ್ನು ಉಳಿಸಿಡಬೇಕೆಂಬ ಹಂಬಲವೇ ಹುಟ್ಟಲಿಲ್ಲ.

ಪ್ರತಿಕೃತಿಯ ವಿದ್ಯೆ ಈ ನಾಡಿಗೆ ಅರಿಯದುದಾಗಿತ್ತೆನ್ನಲೂ ಬಾರದು. ಇಟಗಿಯ ಗುಡಿ ಎದ್ದು ಇಪ್ಪತ್ತು ವರ್ಷ ತುಂಬುವುದರೊಳಗೆ, ಅದೇ ವಿಕ್ರಮಾದಿತ್ಯನ ಮಗನಾದ ಸೋಮೇಶ್ವರನು 'ಮಾನಸೋಲ್ಲಾಸ'ವನ್ನು ರಚಿಸಿದನು. ಅದರ ಚಿತ್ರಪ್ರಕರಣದಲ್ಲಿ, ಕನ್ನಡಿಯಲ್ಲಿ ಬಿದ್ದ ಬಿಂಬದಂತೆ ಹೋಲಿಕೆ ತಪ್ಪದೆ ಬರೆದುದಕ್ಕೆ ವಿದ್ಧಚಿತ್ರವೆಂದು ಹೆಸರಿಟ್ಟಿದೆ. ಕಂಡೊಡನೆ ಶೃಂಗಾರಾದಿ ರಸಗಳು ಹೊಳೆಯುವುದನ್ನು ಬೇರೆಯಾಗಿ ಎಣಿಸಿ ಭಾವಚಿತ್ರವೆಂದಿದೆ. (ಈಗ ಯಂತ್ರದಿಂದ ತೆಗೆದ ಪಟಕ್ಕೆಲ್ಲ ಭಾವಚಿತ್ರವೆನ್ನುವವರು ಸೋಮೇಶ್ವರನ ಈ ಭೇದವನ್ನು ಒಮ್ಮೆ ನೋಡುವುದು ಒಳ್ಳೆಯದು.) ರೂಪಕ್ಕೆ ಒಂದು, ಒಳಗಿನದಕ್ಕೆ ಒಂದು. ಆತ್ಮಚಿತ್ರವನ್ನು ಬರೆಯುವವನಿಗೆ ಎರಡೂ ಒಂದೇ ಫಲಕದಲ್ಲಿ ಬೇಕು. ಕಷ್ಟವಿರುವುದು ಅಲ್ಲಿಯೇ.

ಐರೋಪ್ಯ ವಿದ್ಯಾಪುನರುಜ್ಜೀವನದ ಕಾಲದಲ್ಲಿ ಈ ಕಷ್ಟಕ್ಕೆ ಮತ್ತೆ ಮತ್ತೆ ಎದೆಗೊಟ್ಟವನು ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್. 1484ರಲ್ಲಿ, ಹದಿಮೂರು ವರ್ಷದ ಹುಡುಗನಾಗಿದ್ದಾಗ, ಕನ್ನಡಿಯನ್ನು ನೋಡಿ ಬೆಳ್ಳಿಯ ಕಡ್ಡಿಯಿಂದ ತನ್ನನ್ನು ಬರೆದುಕೊಂಡನು. ಅದು ಅಚ್ಚ ವಿದ್ಧಚಿತ್ರ. ಕೆನ್ನೆಯ ಮೃದುತ್ವವಿದೆ, ಕೂದಲಿನ ಎಳೆಯಿದೆ, ಬಿಂಬವನ್ನು ಬಿಡದೆ ಹಿಡಿಯುವ ಹಟವೂ ಇದೆ. ಈಗ ಮ್ಯೂನಿಕ್ ನಗರದಲ್ಲಿರುವ 1500ರ ಚಿತ್ರವು ಬೇರೆಯೇ ಬಗೆಯದು. ಅಲ್ಲಿ ಇಪ್ಪತ್ತೆಂಟು ವರ್ಷದವನು ನೋಡುವವನಿಗೆ ನೇರವಾಗಿ ಅಭಿಮುಖನಾಗಿ ನಿಂತಿದ್ದಾನೆ. ಎರಡು ಭುಜಗಳಿಗೂ ಸುರುಳಿಗೂದಲು ಇಳಿದಿದೆ, ಹಿಂದೆ ಕತ್ತಲೆ, ಬಲಗೈಯ ಬೆರಳುಗಳು ಉಡುಪಿನ ತುಪ್ಪುಳದ ಅಂಚನ್ನು ಮುಟ್ಟಿವೆ. ಆ ಅಭಿಮುಖವಾದ ನಿಲುವು ಅವರ ನಾಡಿನಲ್ಲಿ ಕ್ರಿಸ್ತನ ಚಿತ್ರಕ್ಕೆ ಸಲ್ಲುತ್ತಿದ್ದುದು. ಇದನ್ನು ಹಿಡಿದು ಅವನನ್ನು ಅಹಂಕಾರಿಯೆಂದು ಜರೆದವರುಂಟು, ಸೃಷ್ಟಿಶಕ್ತಿಯು ದೇವರ ದಾನವೆಂಬ ಭಕ್ತಿಯೆಂದು ಹೊಗಳಿದವರುಂಟು. ಎರಡೂ ಇರಬಹುದು. ಆದರೆ ಶೀಲವು ಬಯಲಾಗಿರುವುದು ಆ ನಿಲುವಿನಲ್ಲಿ ಅಲ್ಲ, ಕೈಯಲ್ಲಿ. ಒಂದೊಂದು ತುಪ್ಪುಳವನ್ನೂ ಬೇರೆ ಬೇರೆಯಾಗಿ ಬರೆದವನು ಆ ತುಪ್ಪುಳವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿರುವಂತೆ ತನ್ನನ್ನು ತೋರಿಸಿಕೊಂಡಿದ್ದಾನೆ. ಕೆಲಸವನ್ನು ಬಿಟ್ಟಿರಲಾರದ ಕುಶಲಿಯು ಅಲ್ಲಿ ಸಿಕ್ಕಿಬಿದ್ದಿದ್ದಾನೆ.

ಇವನೇ ಮತ್ತೊಮ್ಮೆ ಬರಿಮೈಯಲ್ಲಿ ತನ್ನನ್ನು ಬರೆದು, ಪಕ್ಕೆಯಲ್ಲಿ ಹಳದಿಯ ಗುರುತನ್ನು ಹಾಕಿ, ಬೆರಳಿನಿಂದ ಅದನ್ನು ತೋರಿಸಿ, ನೋವಿರುವುದು ಇಲ್ಲಿ ಎಂದು ಟಿಪ್ಪಣಿ ಬರೆದನು. ವೈದ್ಯನಿಗೆ ಕಳುಹಲು ಬರೆದುದೆಂದು ಬಲ್ಲವರ ಊಹೆ. ಠೀವಿಯಿಲ್ಲ, ತುಪ್ಪುಳವಿಲ್ಲ, ರೋಗಿಯೊಬ್ಬನ ಮೈ ಮಾತ್ರ. ಮ್ಯೂನಿಕ್ಕಿನ ಚಿತ್ರವನ್ನು ಮಾತ್ರ ಕಂಡು ಡ್ಯೂರರನನ್ನು ಅಳೆಯುವವರು ಈ ಹಾಳೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಕನ್ನಡದಲ್ಲಿ ಇದಕ್ಕೆ ಎಣೆಯಾದುದನ್ನು ಅರಸಬೇಕಾದುದು ಗೋಡೆಯ ಮೇಲಲ್ಲ, ಓಲೆಯ ಮೇಲೆ. ಡ್ಯೂರರನಿಗಿಂತ ಐದು ಶತಮಾನಗಳಿಗೂ ಹೆಚ್ಚು ಹಿಂದೆ, ಸುಮಾರು 941ರ ಹೊತ್ತಿಗೆ, ಪಂಪನು ತನ್ನ ರೂಪವನ್ನು ತಾನೇ ಪದ್ಯದಲ್ಲಿ ಬರೆದಿಟ್ಟನು. ಮೈಬಣ್ಣ ಬಾಳೆಯ ಒಳದಿಂಡಿನಂತೆ ಶ್ಯಾಮ, ಕೂದಲು ಮೃದು, ಗುಂಗುರು, ಮುಖ ತಾವರೆ, ಮೈಕಟ್ಟು ಮಧ್ಯಮ, ಮಾತು ಹಿತವೂ ಮಿತವೂ ಮೃದುವೂ ಆದುದು, ವೇಷ ಲಲಿತವಾದುದು. ತಾವರೆಯ ಮುಖ ಕವಿಸಮಯ; ಅದನ್ನು ಯಾರ ಮುಖಕ್ಕೂ ಹೊಂದಿಸಬಹುದು, ಆದುದರಿಂದ ಅದು ಯಾರ ಮುಖವೂ ಅಲ್ಲ. ಆದರೆ ಬಾಳೆಯ ದಿಂಡು? ಅದನ್ನು ಸುಲಿದು ಕಂಡವರು ಅದು ಕಪ್ಪಲ್ಲವೆಂಬುದನ್ನು ಬಲ್ಲರು. ಶ್ಯಾಮವೆಂಬುದು ಕಪ್ಪಿಗೂ ಹಸುರಿಗೂ ಸಲ್ಲುವ ಮಾತು. ನೀರೊಸರುವ, ನುಣುಪಾದ, ತಂಪಾದ ಒಂದು ತಿಳಿವರ್ಣವನ್ನು ಕವಿ ಕಂಡಿರಬೇಕು. ಈ ಒಂದು ಉಪಮೆಯಲ್ಲಿ ಸಂಪ್ರದಾಯವು ಹಿಂದೆ ಸರಿದು, ಕನ್ನಡಿಯ ಮುಂದೆ ನಿಂತ ಮನುಷ್ಯನು ಕಾಣುತ್ತಾನೆ. ಮಧ್ಯಮವಾದ ಮೈಕಟ್ಟೆಂಬುದೂ ಹಾಗೆಯೇ. ಖಡ್ಗವನ್ನೂ ಲೇಖನಿಯನ್ನೂ ಹಿಡಿದವನು ತಾನು ಆಜಾನುಬಾಹುವೆಂದು ಹೇಳಿಕೊಂಡಿದ್ದರೆ ತಡೆಯುವವರಾರಿದ್ದರು?

ಇದಕ್ಕಿಂತ ಗಮನಿಸತಕ್ಕದ್ದು ಮತ್ತೊಂದಿದೆ. ಕೂದಲು, ಬಣ್ಣ, ಮೈಕಟ್ಟುಗಳ ಪಂಕ್ತಿಯಲ್ಲಿಯೇ ಮಾತೂ ಬಂದು ಕುಳಿತಿದೆ. ಚಿತ್ರಕಾರನಿಗೆ ದಕ್ಕದ ಅವಯವವಿದು. ಡ್ಯೂರರನು ಶೀಲವನ್ನು ಬೆರಳುಗಳಿಗೆ ಒಪ್ಪಿಸಬೇಕಾಯಿತು; ಪಂಪನು ನಾಲಗೆಗೆ ಒಪ್ಪಿಸಿದನು. ತನ್ನ ಭಾರತವು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹುಟ್ಟಿತೆಂದವನು ಇವನೇ. 'ಕವಿರಾಜಮಾರ್ಗ'ವು ಕನ್ನಡದ ತಿರುಳೆಂದು ಎಣಿಸಿದ ನಾಲ್ಕು ಎಡೆಗಳಲ್ಲಿ ಆ ಪುಲಿಗೆರೆಯೊಡನೆ ಕೊಪಣನಗರವೂ, ಎಂದರೆ ಈಗಿನ ಕೊಪ್ಪಳವೂ, ಸೇರಿದೆಯೆಂಬುದನ್ನು ಈ ಸೀಮೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಅಂಥ ನುಡಿಯ ಕವಿಯು ಮಾತನ್ನು ಮೈಯ ಅಂಗವೆಂದೇ ಬಗೆದುದು ಸಹಜ. ಮಿತವಚನವೆಂಬುದು ಬರಿಯ ಸ್ವಪ್ರಶಂಸೆಯಲ್ಲವೆಂಬುದಕ್ಕೆ ಅವನ ಕರ್ಣನೇ ಸಾಕ್ಷಿ. ಕವಿಯು ಹೆಚ್ಚು ಮಾತನಾಡದೆಯೇ ಆ ವೀರನು ಕಣ್ಣೆದುರಿಗೆ ನಿಂತಿದ್ದಾನೆ.

ಪಂಪನ ತಮ್ಮನಾದ ಜಿನವಲ್ಲಭನು ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯಲ್ಲಿ ಶಾಸನವನ್ನು ಬರೆಯಿಸಿದನು. ಅದರಲ್ಲಿ ವಂಶವಿದೆ, ಅಣ್ಣನ ಕೀರ್ತಿಯಿದೆ, ಅರಿಕೇಸರಿಯು ಅವನಿಗೆ ಧರ್ಮಪುರವನ್ನಿತ್ತ ಮಾತಿದೆ. ಗುಂಗುರು ಕೂದಲಿನ ಮಾತನ್ನು ಮಾತ್ರ ಅಣ್ಣನೇ ಹೇಳಿಕೊಳ್ಳಬೇಕಾಗಿತ್ತು.